ಓಣಿ ಹಾಕದ ಓಟು

ಅತ್ತಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಬೂದಿ ಹತ್ತಿ ಬೆಳ್ಳಗಿರುತ್ತಿದ್ದವು. ಮಗ್ಗದ ಮೇಲಿನ ಹಳೆ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಅದರ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಕೂಡಿಸಬೇಕು. ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ಆ ಕೆಲಸಕ್ಕೆ ಎಲ್ಲ ಮನೆಗೂ ಅವರೇ. ಸಾವಿರಾರು ಎಳೆಯಲ್ಲಿ ಒಂದೂ ತಪ್ಪುತ್ತಿರಲಿಲ್ಲ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಚಹಾ ನೀರಾಗಿದ್ದರೆ "ಇದರಾಗ ನಿಮ್ಮ ಬಾವಿ ತಳ ಕಾಣತೈತಲ್ಲವ್ವ" ಎನ್ನುವರು. ಚಿಕ್ಕವರು ದೊಡ್ಡವರೆನ್ನದೆ ಓಣಿಯೆಲ್ಲ ಅವರನ್ನು ಅತ್ತಿ ಎಂದೇ ಕರೆಯುತ್ತಿತ್ತು.

ಹಾಸನ್ನು ಬೀದಿಯುದ್ದಕ್ಕೂ ಎಳೆದು, ಗಂಜಿ ಹಚ್ಚಿ ಒಣಗಿಸುವುದು ನಮ್ಮ ಪದ್ಧತಿ. ನಡುವೆ ಮಳೆ ಬಂದರೆ ನೂಲೆಲ್ಲ ಹಾಳು. ಅದಕ್ಕೊಂದು ತಗಡಿನ ಶೆಡ್ಡು ಹಾಕಿಸಿಕೊಡಿ ಎಂದು ಪುರಸಭೆಯವರನ್ನು ಕೇಳಿ ಕೇಳಿ ಸಾಕಾಗಿ, ಅತ್ತಿ ತಾವೇ ವಾರ್ಡಿನ ಚುನಾವಣೆಗೆ ನಿಂತರು.

ಮತದಾನದ ದಿನ ರಜೆ. ಓಣಿಯಲ್ಲಿ ಆಟೋಗಳ ಕಾಟವಿಲ್ಲ. ಇಂಥ ದಿನ ಮತ್ತೆ ಸಿಗುವುದಿಲ್ಲವೆಂದು ಮನೆಮನೆಯವರೂ ಹಾಸು ಎಳೆದು ನಿಂತೆವು. ಮಧ್ಯಾಹ್ನ ಅತ್ತಿ ಬಂದರು. ಬೈಯುತ್ತಾರೆ ಅಂದುಕೊಂಡರೆ, ಸೆರಗು ಸಿಕ್ಕಿಸಿ ನಮ್ಮ ಹಾಸಿನ ಒಂದು ತುದಿ ಹಿಡಿದರು.

"ಗಂಜಿ ಇನ್ನಾ ಹಸಿ ಐತಿ, ಈಗ ಬಿಡಬ್ಯಾಡ್ರಿ. ಒಣಗಿದ ಮ್ಯಾಲೆ ಓಟು ಹಾಕಾಕ ಹೋಗ್ರಿ. ಐದರೊಳಗ."

ಹಾಸು ನಾಲ್ಕಕ್ಕೇ ಒಣಗಿತು. ಅವ್ವ ಚಪ್ಪಲಿ ಮೆಟ್ಟಿದ್ದಳು, ತಡೆದವನು ನಾನು. "ಅತ್ತಿ ಗೆಲ್ಲೋದು ಖರೆ ಐತಿ ಬೇ. ನಮ್ಮ ಮನಿ ಆರು ಓಟಿಲ್ಲಂದ್ರ ಏನಾಗತೈತಿ? ಮೊದಲ ಹಾಸು ಸುತ್ತೋಣು."

ನನ್ನಂಥ ಜಾಣರು ಪ್ರತಿ ಮನೆಯಲ್ಲೂ ಒಬ್ಬೊಬ್ಬರಿದ್ದರು. ಅತ್ತಿ ನಾಲ್ಕು ಓಟಿನಿಂದ ಸೋತರು.

ಎಣಿಕೆಯ ಮರುದಿನ ಎಳೆ ಕೂಡಿಸಲು ನಮ್ಮ ಮನೆಗೇ ಬಂದರು. ಅವ್ವ ಒಳಗೇ ಉಳಿದಳು. ನಾನೇ ಧೈರ್ಯ ಮಾಡಿ, "ನಾವೆಲ್ಲ ನಿಮ್ಮ ಕಡೀನೇ ಇದ್ದಿವ್ರಿ ಅತ್ತಿ" ಅಂದೆ.

"ಗೊತ್ತೈತಪ್ಪ" ಅಂದರು, ಎಳೆಯ ಮೇಲಿನ ಕಣ್ಣು ತೆಗೆಯದೆ. "ಆದ್ರ ಯಾರೂ ಬರಲಿಲ್ಲ."

ಅದೊಂದೇ ಮಾತು. ಮತ್ತೆಂದೂ ಅದನ್ನು ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮುಂದೆ ಶೆಡ್ಡು ಕೇಳಲು ಹೋದಾಗ ಗೆದ್ದವರು ನಕ್ಕರು: "ನಿಮ್ಮ ಓಣಿ ಮಂದಿ ಬೂತಿಗೇ ಬರಂಗಿಲ್ಲಲ್ರಿ, ಈಗ ಯಾಕ ಬಂದ್ರಿ?" ಬಂದ ದಾರಿ ಹಿಡಿದು ವಾಪಸಾದೆವು. ಇವತ್ತಿಗೂ ಮೋಡ ಕವಿದರೆ ಹಾಸು ಹೊತ್ತುಕೊಂಡು ಓಡುತ್ತೇವೆ.

ಹೋದ ವರ್ಷ ಅತ್ತಿ ತೀರಿಕೊಂಡರು. ಆವತ್ತು ಓಣಿಯ ಒಂದು ಮಗ್ಗವೂ ಆಡಲಿಲ್ಲ. ಮುದುಕರು, ಎಳೆಕೂಸಿನ ಬಾಣಂತಿಯರು, ಒಬ್ಬರೂ ಮನೆಯಲ್ಲಿ ಉಳಿಯದೆ ಮಣ್ಣಿಗೆ ಹೋದೆವು. ಅಷ್ಟು ಜನರನ್ನು ಕಂಡು ಅವರ ಮಗಳು ಅಳುತ್ತಲೇ ಕೈಮುಗಿದಳು.

"ಎಲ್ಲಾರೂ ಬಂದ್ರಿ" ಅಂದಳು.

ನಾನು ತಲೆ ಎತ್ತಲಿಲ್ಲ.