ಅಕ್ಕ ಹಾಡದೆ ತೋರಿಸಿದ ಸಂಖ್ಯೆ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಾವು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದೆವು. ಕಾಲುವೆ ನೀರಿನ ಕಬ್ಬು ಕಡಿಯುವ ದಿನಗಳವು. ಗಾಳಿ ಬೀಸಿದರೆ ಬೆಲ್ಲ ಕಾಯಿಸುವ ವಾಸನೆ ಪಡಸಾಲೆಯವರೆಗೂ ಬರುತ್ತಿತ್ತು. ಅಂಥ ಒಂದು ಭಾನುವಾರ ಅಕ್ಕನನ್ನು ನೋಡಲು ಕಂಪ್ಲಿಯಿಂದ ಗಂಡಿನ ಕಡೆಯವರು ಬಂದರು.

ಅವ್ವ ಬೆಳಗಿನಿಂದಲೇ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಗಡಿಬಿಡಿಯಲ್ಲಿದ್ದಳು. ಅಕ್ಕನ ಮುಖ ಮಾತ್ರ ಸಪ್ಪಗಿತ್ತು. ಹಿಂದೆ ಬಂದವರು ಹಾಡು ಕೇಳಿದ್ದರು. ಅಕ್ಕನ ದನಿ ಒಡಕು. ಅವರು ಆಮೇಲೆ ತಿಳಿಸುತ್ತೇವೆಂದು ಹೋದವರು ತಿರುಗಿ ನೋಡಿರಲಿಲ್ಲ.

ಈ ಸಲವೂ ಹುಡುಗನ ಅಜ್ಜ ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು, ಒಂದು ಹಾಡು ಹೇಳಮ್ಮ ಎಂದರು. ಅಪ್ಪ ನೆಲ ನೋಡಿದರು. ಬಾಗಿಲ ಹಿಂದೆ ಅವ್ವನ ಬಳೆಗಳ ಸದ್ದು ನಿಂತಿತು. ಅಕ್ಕ ತಲೆ ಎತ್ತಿದಳು.

"ಅಜ್ಜಾರ, ಹಾಡು ನನಗ ಬರಂಗಿಲ್ರಿ. ಲೆಕ್ಕ ಭಾಳ ಸೇರ್ತೈತಿ. ಒಂದು ಆಟ ತೋರಿಸ್ಲೇನ್ರಿ?"

ಅಜ್ಜ ಅಪ್ಪನ ಮುಖ ನೋಡಿ, ಆಮೇಲೆ ತಲೆಯಾಡಿಸಿದರು. ನಾನು ಓಡಿಹೋಗಿ ನನ್ನ ಪಾಟಿ, ಬಳಪ ತಂದೆ. ಮನಸ್ಸಿಗೆ ಬಂದ ಮೂರು ಅಂಕಿಯ ಸಂಖ್ಯೆಯೊಂದನ್ನು ಹೇಳಲು ಅಕ್ಕ ಕೇಳಿದಳು. ಅಜ್ಜ ನಾನೂರ ಎಪ್ಪತ್ತಮೂರು ಎಂದರು. ಅದನ್ನೇ ಪಕ್ಕಪಕ್ಕದಲ್ಲಿ ಎರಡು ಸಲ ನನ್ನಿಂದ ಬರೆಯಿಸಿದಳು. 473473. ಪಾಟಿಯ ತುಂಬ ಒಂದೇ ದೊಡ್ಡ ಸಂಖ್ಯೆ.

"ಇದನ್ನ ಏಳರಿಂದ ಭಾಗಿಸ್ರಿ. ಬಂದದ್ದನ್ನ ಹನ್ನೊಂದರಿಂದ, ಆಮ್ಯಾಲ ಹದಿಮೂರರಿಂದ. ಶೇಷ ಉಳಿಯಂಗಿಲ್ರಿ."

ಅಜ್ಜನಿಗೆ ಕಣ್ಣು ಮಂಜು. ಪಕ್ಕದಲ್ಲಿ ಕೂತಿದ್ದ ಹುಡುಗ ಪಾಟಿ ತೆಗೆದುಕೊಂಡ. ಏಳರಿಂದ ಭಾಗಿಸಿದಾಗ 67639 ಬಂತು. ಹನ್ನೊಂದರಿಂದ 6149. ಹದಿಮೂರಕ್ಕೆ ಬರುವಾಗ ಎಲ್ಲರೂ ಪಾಟಿಯ ಮೇಲೆ ಬಗ್ಗಿದ್ದೆವು. ಕೊನೆಗೆ ಬಂದದ್ದು ಅಜ್ಜ ಹೇಳಿದ್ದ ಅದೇ 473. ಅಜ್ಜ ತೊಡೆ ತಟ್ಟಿಕೊಂಡು ನಕ್ಕರು. ಇನ್ನೊಂದು ಸಂಖ್ಯೆ ಹೇಳಿದರು. ಅದೂ ಹಾಗೆಯೇ ಮರಳಿ ಬಂತು.

ಹುಡುಗ ನಗಲಿಲ್ಲ. ಪಾಟಿಯ ಮೂಲೆಯಲ್ಲಿ ಏನೋ ಗುಣಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಅಕ್ಕನ ಕಡೆ ನೋಡಿದ.

"ಏಳು, ಹನ್ನೊಂದು, ಹದಿಮೂರು ಗುಣಿಸಿದ್ರ ಸಾವಿರದ ಒಂದು. ಮೂರು ಅಂಕಿ ಸಂಖ್ಯೆ ಎರಡು ಸಲ ಬರದ್ರ ಸಾವಿರದ ಒಂದರಿಂದ ಗುಣಿಸಿದಂಗ ಆತು. ಗುಣಿಸಿದ್ದನ್ನ ನೀವು ಭಾಗಿಸಿ ತಗದ್ರಿ. ಹೌದಲ್ರಿ?"

ಆ ದಿನ ಅಕ್ಕ ಮೊದಲ ಸಲ ನಕ್ಕಿದ್ದು ಆಗ. ಆಟ ತೋರಿಸಿದಾಗ ಎಲ್ಲರೂ ಬೆರಗಾಗುತ್ತಿದ್ದರು, ಅದು ಹೇಗೆಂದು ಹುಡುಕಿದವರು ಯಾರೂ ಇರಲಿಲ್ಲ ಎಂದು ರಾತ್ರಿ ನನ್ನ ಕಿವಿಯಲ್ಲಿ ಹೇಳಿದಳು. ಬೇಸಿಗೆಯಲ್ಲಿ ಮದುವೆಯಾಯಿತು. ಅವರೇ ನಿಮ್ಮ ಕಂಪ್ಲಿಯ ದೊಡ್ಡಜ್ಜ, ದೊಡ್ಡಜ್ಜಿ.

ನಿಮ್ಮ ಮೊಬೈಲಿನಲ್ಲಿ ಒತ್ತಿದ ಬೆರಳು ಎತ್ತುವ ಮೊದಲೇ ಉತ್ತರ ಬಂದಿರುತ್ತದೆ. ನನಗೂ ಅದು ಇಷ್ಟವೇ. ನಮ್ಮ ಕಾಲದಲ್ಲಿ ಇಷ್ಟು ದೊಡ್ಡ ಸಂಖ್ಯೆಯನ್ನು ಭಾಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಎದುರಿಗೆ ಕೂತವರನ್ನು ಕದ್ದು ಎರಡು ಸಲವಾದರೂ ನೋಡಬಹುದಿತ್ತು. ಅಕ್ಕ ನೋಡಿದ್ದನ್ನು ನಾನು ಕಂಡಿದ್ದೆ.