ಗೋಡೆಗೆ ಮುಖ ಮಾಡಿದ ಕನ್ನಡಿ

ನಮ್ಮೂರು ಪೋತ್ನಾಳದ ಕ್ಷೌರಿಕ ಭಾನುವಾರ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ. ಅವನ ಅಂಗಡಿಯಲ್ಲಿ ಕನ್ನಡಿ ಗೋಡೆಗೆ ಮುಖ ಮಾಡಿ ತೂಗುತ್ತಿತ್ತು. ಯಾಕೆಂದು ಕೇಳಿದರೆ ಕತ್ತರಿ ನಿಲ್ಲಿಸಿ ಹೇಳುತ್ತಿದ್ದ:

"ಮೂರ್ತಿ ಮಾಡಬ್ಯಾಡ, ಅದರ ಮುಂದ ತಲಿ ಬಗ್ಗಸಬ್ಯಾಡ ಅಂತ ದೇವರು ಹೇಳ್ಯಾನ. ಅದು ಕಲ್ಲಿನ ಮಾತಲ್ರೀ, ಒಳಗಿನ ಮಾತು. ನೀವು ದಿನಾ ಪೂಜಿ ಮಾಡೋ ಮೂರ್ತಿ ಈ ಕನ್ನಡಿಯಾಗ ಅದ."

ಕನ್ಯೆ ನೋಡಲು ಮಾನ್ವಿಗೆ ಹೊರಟ ದಿನ ನಾನು ಕನ್ನಡಿ ಬೇಕೇಬೇಕೆಂದು ಹಟ ಹಿಡಿದೆ. ಅವನು ಅದನ್ನು ತಿರುಗಿಸಿ, ಕಣ್ಣು ಮುಚ್ಚಿಕೊಂಡು ಹಿಂದೆ ನಿಂತ. ನೆತ್ತಿಯ ಕೂದಲು ಸರಿಯಾಗಿ ಕೂತಿದೆಯೇ ನೋಡಲು ತಲೆ ಬಗ್ಗಿಸಿದೆ.

"ಬಗ್ಗಿಸಿದ್ರಲ್ರೀ," ಎಂದ, ಕಣ್ಣು ತೆರೆಯದೆಯೇ.

ತಲೆ ಬಗ್ಗಿಸಿಕೊಂಡೇ ಕಣ್ಣೆತ್ತಿದೆ. ಕನ್ನಡಿಯೊಳಗಿನವನು ತಲೆ ಬಗ್ಗಿಸಿರಲಿಲ್ಲ. ಪೂಜೆ ಸ್ವೀಕರಿಸುವ ದೇವರಂತೆ ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದ.