ಬಾವಿಯ ದಂಡೆಯ ಮೇಲೆ ಎತ್ತಿದ ಸುತ್ತಿಗೆ

ಕಲಘಟಗಿ ಸೀಮೆಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ತೆಲುಗು ಸೀಮೆಯ ಕಲ್ಲೊಡೆಯುವ ಮನೆತನ. ನನ್ನನ್ನೂ ಗಂಡನನ್ನೂ ಲಾರಿಯಲ್ಲಿ ಹೇರಿಕೊಂಡು ಬಂದವನು ಒಬ್ಬ ಮುಕಾದಮ, ಕೂಲಿಯಾಳುಗಳ ಮೇಸ್ತ್ರಿ. ಎರಡು ವರ್ಷ ಅವನ ಕೈಕೆಳಗೆ ಖಣಿಯಲ್ಲಿ ಕಲ್ಲು ಒಡೆದೆವು. ಕೆಲಸಕ್ಕೆ ತಡವಾದರೆ ಬಾರುಕೋಲಿನಿಂದ ಬಾರಿಸುತ್ತಿದ್ದ. ನಾನು ಆರು ತಿಂಗಳ ಬಸುರಿಯಾಗಿದ್ದಾಗಲೂ ಬೆನ್ನಿಗೆ ಬಿದ್ದವು. ಆ ಕೂಸು ಉಳಿಯಲಿಲ್ಲ.

ಮೂರನೆಯ ವರ್ಷ ತಂಬೂರಿನ ಕಡೆಯ ರೈತರೊಬ್ಬರು ಗಂಡನನ್ನು ಕರೆದು, "ನಮ್ಮ ಹೊಲದಾಗ ಬಾವಿ ತೋಡ್ತೀಯೇನಪಾ? ಗುತ್ತಿಗಿ ನಿನಗ ಕೊಡ್ತೇನಿ" ಅಂದರು. ಮುಕಾದಮನನ್ನು ಕೇಳದೆ ಗಂಡ ಹೂಂ ಅಂದುಬಿಟ್ಟ. ನಾವು ಯಾರ ಬೈಗುಳವೂ ಇಲ್ಲದೆ ಮಾಡಿದ ಮೊದಲ ಕೆಲಸ ಅದು.

ಇಪ್ಪತ್ತು ಅಡಿ ಇಳಿದಿದ್ದೆವು. ಗಂಡ ತಳದಲ್ಲಿ ಅಗೆಯುತ್ತಿದ್ದ, ನಾನು ದಂಡೆಯ ಮೇಲೆ ಕಲ್ಲು ಒಡೆದು ರಾಶಿ ಹಾಕುತ್ತಿದ್ದೆ. ನಡುಮಧ್ಯಾಹ್ನ ಮುಕಾದಮ ಬಂದ. ನನ್ನ ಕಡೆ ನೋಡಲೇ ಇಲ್ಲ. ಬಾವಿಯೊಳಗೆ ಬಗ್ಗಿ, "ನನ್ನ ಬಿಟ್ಟು ಗುತ್ತಿಗಿ ಹಿಡೀತೀಯೇನಲೇ? ಅಲ್ಲೇ ಹುಗೀತೇನಿ ನಿನ್ನ!" ಎಂದು ಕೂಗಿ, ನಾನು ಒಡೆದಿಟ್ಟ ಕಲ್ಲುಗಳನ್ನೇ ಎತ್ತಿ ಕೆಳಗೆ ಒಗೆಯತೊಡಗಿದ. ಮೊದಲ ಕಲ್ಲಿಗೆ ಗಂಡ ಚೀರಿದ. ಎರಡನೆಯದಕ್ಕೆ ಸದ್ದೇ ಬರಲಿಲ್ಲ.

ಮೂರನೆಯ ಕಲ್ಲಿಗೆ ಅವನು ಬಗ್ಗಿದಾಗ ಸುತ್ತಿಗೆಯಿಂದ ಅವನ ಮೊಣಕಾಲಿಗೆ ಹೊಡೆದೆ. ಬಿದ್ದ. ಬಿದ್ದವನಿಗೆ ಇನ್ನೊಮ್ಮೆ ಹೊಡೆದೆ. ಆ ಎರಡನೆಯ ಪೆಟ್ಟು ಬೇಕಿರಲಿಲ್ಲ. ಅದು ಹೊಡೆಯುವಾಗಲೇ ನನಗೆ ಗೊತ್ತಿತ್ತು.

ಅವನ ಅರಚಾಟಕ್ಕೆ ರೈತರೂ ಅವರ ಹೆಂಡತಿಯೂ ಓಡಿ ಬಂದರು. ಆಕೆ ಸುತ್ತಿಗೆ ಕಸಿದುಕೊಂಡು, "ಸಾಕ ಬಿಡ ನಮ್ಮವ್ವಾ, ಸಾಯ್ತಾನ ಅಂವ" ಎಂದು ನನ್ನನ್ನು ಅವುಚಿ ಹಿಡಿದರು. ರೈತರು ಬಾವಿಗಿಳಿದು ಗಂಡನ ಸೊಂಟಕ್ಕೆ ಹಗ್ಗ ಕಟ್ಟಿದರು, ನಾವಿಬ್ಬರೂ ಮೇಲಕ್ಕೆ ಎಳೆದೆವು. ತಲೆ ಒಡೆದಿತ್ತು, ಎಡಗೈ ಬೆರಳುಗಳು ಜಜ್ಜಿಹೋಗಿದ್ದವು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟ. ಹೊರಳಾಡುತ್ತಿದ್ದ ಮುಕಾದಮನನ್ನು ನೋಡಿದ, ನನ್ನನ್ನು ನೋಡಿದ, ಬಲಗೈಯೆತ್ತಿ ನನ್ನ ಕೆನ್ನೆಗೆ ಬಾರಿಸಿದ. "ನೀನು ಜೈಲಿಗೆ ಹೋದರೆ ನಾನೇನು ಮಾಡಲಿ?" ಎಂದು ನಮ್ಮ ತೆಲುಗಿನಲ್ಲಿ ಕೇಳಿ, ಅಳತೊಡಗಿದ.

ಪೊಲೀಸರು ಬಂದರು. ರೈತರ ಹೆಂಡತಿ ಸೆರಗು ಬಿಗಿದುಕೊಂಡು ಮುಂದೆ ನಿಂತರು. "ನಾ ಕಣ್ಣಾರೆ ನೋಡೇನ್ರಿ. ಮದ್ಲ ಕಲ್ಲ ಒಗದಾಂವ ಅಂವನ." ಆಕೆ ಏನೂ ನೋಡಿರಲಿಲ್ಲ. ಠಾಣೆಗೆ ಒಯ್ದು, ಸಂಜೆಯೊಳಗೆ ನನ್ನನ್ನು ಬಿಟ್ಟರು.

ಮುಂದೊಂದು ದಿನ ಕಲಘಟಗಿ ಸಂತೆಯಲ್ಲಿ ಮುಕಾದಮ ಕೋಲೂರಿಕೊಂಡು ಎದುರಾದ, ನನಗೆ ದಾರಿ ಬಿಟ್ಟು ನಿಂತ. ಪಾಪ ಅನ್ನಿಸಲಿಲ್ಲ, ಖುಷಿಯೂ ಆಗಲಿಲ್ಲ.

ಗಂಡನ ಎಡಗೈ ಮುಷ್ಟಿ ಮತ್ತೆ ಕೂಡಲಿಲ್ಲ. ಅಲ್ಲಿಂದ ಮುಂದೆ ಬಾವಿಗೆ ಇಳಿದವಳು ನಾನು. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಮಣ್ಣು ಎಳೆದವನು ಅವನು. ನಲವತ್ತು ಅಡಿಗೆ ನೀರು ಬಂತು. ಸುತ್ತಲಿನ ಊರುಗಳಲ್ಲಿ ಇನ್ನೂ ಆರು ಬಾವಿ ತೋಡಿ, ಕೊನೆಗೆ ಎರಡು ಕೋಣೆಯ ಕಲ್ಲಿನ ಮನೆ ಕಟ್ಟಿಕೊಂಡೆವು. ತಾಡಪತ್ರಿ ಹೊದಿಸಿದ ಸೋರುವ ಗುಡಿಸಲಿನಲ್ಲಿ ಏಳು ಮಳೆಗಾಲ ಕಳೆದಿದ್ದ ನಾವು ಆ ವರ್ಷ ಒಣನೆಲದ ಮೇಲೆ ಮಲಗಿದೆವು.